ಹಳೇ ಎಂಎಕ್ಸ್-5ಗೆ ಶಾಕ್ಸ್ ಆರಿಸಿದ ಕತೆ

ನನ್ನದು 1994ರ ಮಾಜ್ದಾ ಎಂಎಕ್ಸ್-5. ಮೊದಲ ತಲೆಮಾರಿನ ಕಾರು. ಹೆಡ್‌ಲೈಟ್ ಹಾಕಿದರೆ ಬಾನೆಟ್‌ನಿಂದ ಎದ್ದು ನಿಲ್ಲುತ್ತದಲ್ಲ, ಅದೇ. ಎರಡು ಸೀಟು, 1.8 ಲೀಟರ್ ಎಂಜಿನ್, ತೂಕ ಹೆಚ್ಚೂಕಮ್ಮಿ ಒಂದು ಟನ್. 1989ರಲ್ಲಿ ಬಂದಾಗಿನಿಂದಲೂ ಜನ ಇದನ್ನು ಮೆಚ್ಚಿದ್ದು ಸ್ಪೀಡಿಗಾಗಿ ಅಲ್ಲ. ತಿರುವಿನಲ್ಲಿ ಟೈರ್ ಏನು ಮಾಡುತ್ತಿದೆ ಅನ್ನೋದು ಸೀದಾ ಕೈಗೆ, ಬೆನ್ನಿಗೆ ಗೊತ್ತಾಗುತ್ತದೆ. ಅದೇ ಇದರ ಸುಖ.

ನಾನು ಕೊಂಡ ಕಾರಿನಲ್ಲಿ ಆ ಸುಖ ಇರಲಿಲ್ಲ. ಸಣ್ಣ ಉಬ್ಬು ಸಿಕ್ಕರೂ ಬೆನ್ನಿಗೆ ಗುದ್ದಿದ ಹಾಗೆ ಆಗುತ್ತಿತ್ತು. ಉದ್ದನೆಯ ಏರಿಳಿತ ಸಿಕ್ಕರೆ ದೋಣಿಯ ಹಾಗೆ ಎರಡು ಮೂರು ಸಲ ತೂಗಾಡಿಯೇ ನಿಲ್ಲುತ್ತಿತ್ತು. ತಿರುವಿನ ನಡುವೆ ಗುಂಡಿ ಬಂದರಂತೂ ಹಿಂದಿನ ಚಕ್ರ ಪಕ್ಕಕ್ಕೆ ಜಿಗಿಯುತ್ತಿತ್ತು. ಕಾರು ಗಟ್ಟಿ ಇದೆಯಾ, ಮೆತ್ತಗಿದೆಯಾ ಅಂತ ಕೇಳಿದರೆ ಎರಡೂ ಹೌದು ಅನ್ನಬೇಕಿತ್ತು. ನನ್ನನ್ನು ಜಾಸ್ತಿ ಕಾಡಿದ್ದು ಇದೇ. ಒಂದೇ ಕಾರು ಒಟ್ಟೊಟ್ಟಿಗೆ ಗಟ್ಟಿಯೂ ಆಗಿ, ತೇಲಾಡುವುದೂ ಹೇಗೆ?

ಶಾಕ್ಸ್, ಅಂದರೆ ಕಾರಿನ ಕುಣಿತ ತಡೆಯುವ ಶಾಕ್ ಅಬ್ಸಾರ್ಬರ್‌ಗಳು, ಹೋಗಿವೆ ಅಂತ ಎಲ್ಲರೂ ಹೇಳಿದರು. ನನಗೂ ಅನುಮಾನ ಇರಲಿಲ್ಲ. ಆದರೂ ಹೊಸದಕ್ಕೆ ದುಡ್ಡು ಹಾಕುವ ಮುಂಚೆ ಸುಲಭದ ವಿಷಯಗಳನ್ನು ನೋಡಿಬಿಡೋಣ ಅನ್ನಿಸಿತು. ಮೊದಲು ಟೈರ್ ಗಾಳಿ. ಒಳಗೆ 35 ಪಿಎಸ್‌ಐ ಇತ್ತು. ಈ ಕಾರಿಗೆ ಕಂಪನಿ ಹೇಳುವುದು 26. ಇಷ್ಟು ಹಗುರ ಕಾರಿಗೆ ದೊಡ್ಡ ಕಾರುಗಳ ಲೆಕ್ಕದಲ್ಲಿ ಗಾಳಿ ತುಂಬಿದ್ದರು. 26ಕ್ಕೆ ಇಳಿಸಿದ ದಿನವೇ ಸಣ್ಣ ಸಣ್ಣ ಗಡಗಡ ಅರ್ಧದಷ್ಟು ಹೋಯಿತು. ಇದನ್ನು ನೋಡದೆ ಶಾಕ್ಸ್ ಆರಿಸಲು ಕೂತಿದ್ದರೆ, ಟೈರ್ ಗಾಳಿಯ ತಪ್ಪನ್ನೂ ಶಾಕ್ಸ್ ತಲೆಗೇ ಕಟ್ಟುತ್ತಿದ್ದೆ.

ಆಮೇಲೆ ಟೈರ್ ಮೇಲೆ ಅಂಗೈ ಆಡಿಸಿದೆ. ಇದು ನೀವೂ ಮಾಡಿ ನೋಡಬಹುದು. ಕಾರು ನಿಂತಿರುವಾಗ ಟೈರ್ ಸುತ್ತಳತೆಯ ಉದ್ದಕ್ಕೆ ಅಂಗೈ ನಿಧಾನಕ್ಕೆ ಸವರಬೇಕು. ಒಳ್ಳೆಯ ಟೈರ್ ಒಂದೇ ಸಮ ಇರುತ್ತದೆ. ನನ್ನ ಹಿಂದಿನ ಬಲ ಟೈರ್‌ನಲ್ಲಿ ನಾಲ್ಕೈದು ಇಂಚಿಗೊಂದು ಕಡೆ ಸಣ್ಣ ತಗ್ಗು ಕೈಗೆ ಸಿಗುತ್ತಿತ್ತು. ಕಣ್ಣಿಗೆ ಕಾಣದಷ್ಟು ಸಣ್ಣದು, ಆದರೆ ಕೈಗೆ ಸ್ಪಷ್ಟ. ಶಾಕ್ ಹಿಡಿತ ಬಿಟ್ಟಾಗ ಚಕ್ರ ರಸ್ತೆಯ ಮೇಲೆ ಪುಟಿಯುತ್ತಾ ಓಡುತ್ತದೆ. ಬಿದ್ದ ಬಿದ್ದ ಕಡೆ ರಬ್ಬರ್ ಸವೆಯುತ್ತದೆ. ಕಾರಿನ ಮೂಲೆಯನ್ನು ಒತ್ತಿ ಬಿಟ್ಟು ಎಷ್ಟು ಸಲ ಕುಣಿಯುತ್ತದೆ ಅಂತ ಎಣಿಸುವ ಪರೀಕ್ಷೆ ಇದೆಯಲ್ಲ, ಅದರಲ್ಲಿ ಪೂರ್ತಿ ಸತ್ತ ಶಾಕ್ ಮಾತ್ರ ಸಿಕ್ಕಿಬೀಳುತ್ತದೆ. ಅರ್ಧ ಸತ್ತದ್ದು ಪಾಸಾಗಿಬಿಡುತ್ತದೆ. ನನ್ನ ಕಾರು ಕೂಡ ಮೂರು ಮೂಲೆಯಲ್ಲಿ ಪಾಸಾಗಿತ್ತು.

ಸರಿ, ಶಾಕ್ಸ್ ಬೇಕು ಅಂತಾಯಿತು. ಯಾವುದು? ಇಲ್ಲಿಂದ ಸುಮಾರು ಎರಡು ತಿಂಗಳು ಹೋಯಿತು.

ಈ ಕಾರಿಗೆ ಆಯ್ಕೆಗಳು ಕಮ್ಮಿ ಇಲ್ಲ. ಜಪಾನಿನ ಕೆವೈಬಿಯ ಎಕ್ಸೆಲ್-ಜಿ ಇದೆ. ಮೊದಲಿನ ಗುಣವನ್ನು ವಾಪಸ್ ಕೊಡುವ ಉದ್ದೇಶದ್ದು. ಜರ್ಮನಿಯ ಬಿಲ್‌ಸ್ಟೈನ್ ಬಿ6 ಇದೆ, ತಗ್ಗಿಸಿದ ಕಾರಿಗೆ ಅದರ ಗಿಡ್ಡ ತಮ್ಮ ಬಿ8. ನೆದರ್ಲೆಂಡ್ಸ್‌ನ ಕೋನಿಯ ಹಳದಿ ಬಣ್ಣದ ಸ್ಪೋರ್ಟ್ ಇದೆ. ಇವೆಲ್ಲ ಬಿಟ್ಟು ಸ್ಪ್ರಿಂಗ್ ಮತ್ತು ಶಾಕ್ ಒಟ್ಟಿಗೇ ಬರುವ, ಎತ್ತರ ಬದಲಿಸಬಹುದಾದ ಕಾಯಿಲ್‌ಓವರ್ ಸೆಟ್‌ಗಳು ಬೇಕಾದಷ್ಟಿವೆ. ಒಬ್ಬರನ್ನು ಕೇಳಿದರೆ ಬಿಲ್‌ಸ್ಟೈನ್ ಬಿಟ್ಟು ಬೇರೆ ಯೋಚಿಸಬೇಡ ಅನ್ನುತ್ತಾರೆ. ಇನ್ನೊಬ್ಬರು ಕೋನಿ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಇಬ್ಬರ ಕಾರಿನ ಸ್ಪ್ರಿಂಗ್ ಬೇರೆ ಬೇರೆ, ಅಷ್ಟೇ. ಇದು ನನಗೆ ಅರ್ಥವಾಗಿದ್ದು ಒಬ್ಬ ಹಳೇ ಮೆಕ್ಯಾನಿಕ್ ಹೇಳಿದ ಮೇಲೆ. ನಾನು ಪಟ್ಟಿ ಓದುತ್ತಾ ಹೋದಾಗ ಅವರು ನಡುವೆಯೇ ತಡೆದರು.

"ಸರ್, ಮೊದಲು ಕಾರಲ್ಲಿ ಯಾವ ಸ್ಪ್ರಿಂಗ್ ಇದೆ ಹೇಳಿ. ಶಾಕ್ ಮಾತು ಆಮೇಲೆ."

ನನ್ನ ಹತ್ತಿರ ಉತ್ತರ ಇರಲಿಲ್ಲ.

ಈ ಮಾತಿನ ಹಿಂದೆ ಇರುವ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಶಾಕ್ ಅಬ್ಸಾರ್ಬರ್ ಅಂತ ಹೆಸರಿದ್ದರೂ ರಸ್ತೆಯ ಹೊಡೆತವನ್ನು ಮೊದಲು ನುಂಗುವುದು ಸ್ಪ್ರಿಂಗ್. ಸ್ಪ್ರಿಂಗ್ ಒತ್ತಿಕೊಂಡಾಗ ಆ ಶಕ್ತಿ ಅದರೊಳಗೇ ಕೂತಿರುತ್ತದೆ. ಬಿಟ್ಟರೆ ವಾಪಸ್ ಚಿಮ್ಮುತ್ತದೆ. ಆ ಚಿಮ್ಮುವಿಕೆಯನ್ನು ಹಿಡಿದು, ಎಣ್ಣೆಯನ್ನು ಸಣ್ಣ ತೂತು ಮತ್ತು ವಾಲ್ವ್‌ಗಳ ಮೂಲಕ ನುಗ್ಗಿಸಿ, ಶಕ್ತಿಯನ್ನು ಬಿಸಿಯಾಗಿ ಬದಲಿಸಿ ಹೊರಗೆ ಬಿಡುವುದು ಶಾಕ್ ಕೆಲಸ. ಅದಕ್ಕೇ ರಸ್ತೆ ಕಾರುಗಳ ಶಾಕ್‌ನಲ್ಲಿ ಒತ್ತುವಾಗಿನ ತಡೆಗಿಂತ ಹಿಗ್ಗುವಾಗಿನ ತಡೆ ಸಾಮಾನ್ಯವಾಗಿ ಜಾಸ್ತಿ ಇರುತ್ತದೆ. ಹಿಗ್ಗುವಾಗಿನ ಈ ತಡೆಗೆ ರಿಬೌಂಡ್ ಅನ್ನುತ್ತಾರೆ. ರಿಬೌಂಡ್ ಕಮ್ಮಿಯಾದರೆ ಕಾರು ತೇಲುತ್ತದೆ. ತೀರಾ ಜಾಸ್ತಿಯಾದರೆ ಒಂದು ಉಬ್ಬಿನಿಂದ ಚಕ್ರ ಪೂರ್ತಿ ಕೆಳಗಿಳಿಯುವ ಮೊದಲೇ ಮುಂದಿನ ಉಬ್ಬು ಬಂದುಬಿಡುತ್ತದೆ. ಹೀಗೆ ಸಾಲಾಗಿ ಉಬ್ಬು ಸಿಕ್ಕರೆ ಕಾರು ಹಂತ ಹಂತವಾಗಿ ಕೆಳಕ್ಕೆ ಕುಸಿಯುತ್ತಾ ಹೋಗುತ್ತದೆ.

ಸ್ಪ್ರಿಂಗ್ ಗಟ್ಟಿ ಮಾಡಿದರೆ ಶಾಕ್ ಎಷ್ಟು ಗಟ್ಟಿ ಆಗಬೇಕು ಅನ್ನೋದಕ್ಕೂ ಲೆಕ್ಕ ಇದೆ. ತೂಕ ಅಷ್ಟೇ ಇದ್ದರೆ, ಬೇಕಾಗುವ ತಡೆ ಸ್ಪ್ರಿಂಗ್ ಗಟ್ಟಿತನದ ವರ್ಗಮೂಲದಷ್ಟು ಏರುತ್ತದೆ. ಅಂದರೆ 40 ಶೇಕಡ ಗಟ್ಟಿ ಸ್ಪ್ರಿಂಗ್ ಹಾಕಿದರೆ ಶಾಕ್ ಸುಮಾರು 18 ಶೇಕಡ ಬಿಗಿಯಾದರೆ ಸಾಕು. ಮೊದಲಿನ ಮೆದು ಸ್ಪ್ರಿಂಗ್ ಇಟ್ಟುಕೊಂಡು ರೇಸ್ ಶಾಕ್ ತಗುಲಿಸಿದರೆ ಕಾರು ಕಲ್ಲಾಗುತ್ತದೆ. ರೇಸ್ ಸ್ಪ್ರಿಂಗ್‌ಗೆ ಮಾಮೂಲಿ ಶಾಕ್ ಹಾಕಿದರೆ ಚೆಂಡಾಗುತ್ತದೆ. ಜೋಡಿ ಕೂಡಿ ಬರಬೇಕು.

ಹಾಗಾಗಿ ಟಾರ್ಚ್ ಹಿಡಿದು ಕಾರಿನ ಕೆಳಗೆ ಹೋದೆ.

ಮೊದಲು ಅಳತೆ. ಚಕ್ರದ ನಟ್ಟನಡುವಿನಿಂದ ಮೇಲಿನ ಫೆಂಡರ್ ಅಂಚಿನವರೆಗೆ ಟೇಪ್ ಹಿಡಿದೆ. ಮುಂದೆ 315 ಮಿಲಿಮೀಟರ್, ಹಿಂದೆ 320. ಈ ಕಾರಿನ ಮಾಮೂಲಿ ಎತ್ತರಕ್ಕಿಂತ ಇದು ಸುಮಾರು 40 ಮಿಲಿಮೀಟರ್ ಕಮ್ಮಿ. ಹಳೇ ಸ್ಪ್ರಿಂಗ್ ಒಂದಿಷ್ಟು ಕುಸಿಯುತ್ತದೆ ನಿಜ, ಆದರೆ ಇಷ್ಟು ಅಲ್ಲ. ಜಾಕ್ ಸ್ಟ್ಯಾಂಡ್ ಮೇಲೆ ನಿಲ್ಲಿಸಿ ಚಕ್ರ ಬಿಚ್ಚಿ ನೋಡಿದರೆ ಉತ್ತರ ಅಲ್ಲೇ ಇತ್ತು. ಸ್ಪ್ರಿಂಗ್‌ನ ಕೊನೆ ಸಹಜವಾಗಿ ಮುಗಿದಿರಲಿಲ್ಲ. ಗ್ರೈಂಡರ್‌ನಲ್ಲಿ ಕತ್ತರಿಸಿ, ಮೇಲೆ ಕಪ್ಪು ಬಣ್ಣ ಬಳಿದಿದ್ದರು. ಕತ್ತರಿಸಿದ ತುದಿ ಕೆಳಗಿನ ತಟ್ಟೆಯಲ್ಲಿ ತನ್ನ ಜಾಗದಲ್ಲಿ ಕೂರದೆ ಬೆರಳಿನಷ್ಟು ಆಚೆ ನಿಂತಿತ್ತು. ಚಕ್ರ ನೇತಾಡುವಾಗ ಸ್ಪ್ರಿಂಗ್ ಕೈಯಲ್ಲಿ ಹಿಡಿದು ತಿರುಗಿಸಿದರೆ ಸಲೀಸಾಗಿ ತಿರುಗುತ್ತಿತ್ತು. ನನಗೆ ನಿಜಕ್ಕೂ ಬೇಸರ ಆಯಿತು. ಯಾರೋ ಒಬ್ಬರು ಕಾರು ತಗ್ಗಾಗಿ ಕಾಣಲಿ ಅಂತ ಅದರ ಜೀವಾಳವನ್ನೇ ಕತ್ತರಿಸಿದ್ದರು.

ಇನ್ನೊಂದು ವಿಷಯ ನೋಡುವುದಿತ್ತು. ಶಾಕ್‌ನ ರಾಡ್ ಮೇಲೆ ಬಂಪ್ ಸ್ಟಾಪ್ ಅಂತ ಒಂದು ಮೆದು ಗುಂಡು ಇರುತ್ತದೆ. ಶಾಕ್ ಪೂರ್ತಿ ಒತ್ತಿಕೊಂಡಾಗ ಲೋಹಕ್ಕೆ ಲೋಹ ಬಡಿಯದಂತೆ ತಡೆಯುವುದು ಅದರ ಕೆಲಸ. ಈ ಮಾಜ್ದಾದಲ್ಲಿ ಮೊದಲಿನಿಂದಲೂ ಶಾಕ್ ಓಡಾಟದ ಜಾಗ ಕಮ್ಮಿ. ಬಂಪ್ ಸ್ಟಾಪ್ ಇಲ್ಲಿ ಬರೀ ಕೊನೆಯ ತಡೆ ಅಲ್ಲ, ಸ್ಪ್ರಿಂಗ್ ಜೊತೆಗೆ ಅದೂ ಕೆಲಸ ಮಾಡುತ್ತದೆ. ಕಾರು ಚಕ್ರದ ಮೇಲೆ ನಿಂತಾಗ ಶಾಕ್‌ನ ಮೈಗೂ ಬಂಪ್ ಸ್ಟಾಪ್‌ಗೂ ನಡುವೆ ಎಷ್ಟು ಜಾಗ ಇದೆ ಅಂತ ನೋಡಬೇಕಿತ್ತು. ಧೂಳಿನ ಮುಸುಕು ಹರಿದು ಹೋಗಿದ್ದರಿಂದ ಕಾಣಿಸುತ್ತಿತ್ತು. ಮುಂದೆ ನನ್ನ ಕಿರುಬೆರಳು ತೂರುವಷ್ಟು ಜಾಗವೂ ಇರಲಿಲ್ಲ.

ಖಚಿತ ಮಾಡಿಕೊಳ್ಳಲು ರಾಡ್‌ಗೆ ಒಂದು ಪ್ಲಾಸ್ಟಿಕ್ ಕೇಬಲ್ ಟೈ ಸುತ್ತಿದೆ. ಜಾರುವಷ್ಟು ಬಿಗಿ. ಅದನ್ನು ಶಾಕ್‌ನ ಮೈಗೆ ತಾಗುವಂತೆ ಕೆಳಕ್ಕೆ ಇಳಿಸಿದೆ. ಶಾಕ್ ಒತ್ತಿಕೊಂಡಾಗ ಟೈ ಮೇಲಕ್ಕೆ ಜಾರುತ್ತದೆ, ಹಿಗ್ಗಿದಾಗ ಅಲ್ಲೇ ಉಳಿಯುತ್ತದೆ. ಶಾಕ್ ಎಲ್ಲಿವರೆಗೆ ಹೋಗಿತ್ತು ಅನ್ನೋದಕ್ಕೆ ಅದೇ ಸಾಕ್ಷಿ. ಮಾಮೂಲಿ ರಸ್ತೆಯಲ್ಲಿ, ಮಾಮೂಲಿ ವೇಗದಲ್ಲಿ ಹತ್ತು ನಿಮಿಷ ಓಡಿಸಿ ಬಂದು ನೋಡಿದೆ. ಟೈ ಬಂಪ್ ಸ್ಟಾಪ್‌ನ ಮೆದು ಭಾಗದೊಳಗೆ ಹೂತು ಕೂತಿತ್ತು.

ಗಟ್ಟಿಯೂ ಹೌದು, ತೇಲಾಟವೂ ಹೌದು ಅನ್ನುವ ಒಗಟು ಅಲ್ಲಿಗೆ ಬಿಡಿಸಿಕೊಂಡಿತು. ಬೆನ್ನಿಗೆ ಗುದ್ದುತ್ತಿದ್ದದ್ದು ಶಾಕ್ ಅಲ್ಲ, ಬಂಪ್ ಸ್ಟಾಪ್. ತೂಗಾಟಕ್ಕೆ ಕಾರಣ ರಿಬೌಂಡ್ ಸತ್ತಿದ್ದು. ತಿರುವಿನಲ್ಲಿ ಹಿಂದಿನ ಚಕ್ರ ಜಿಗಿಯುತ್ತಿದ್ದದ್ದು ಎರಡೂ ಸೇರಿ. ಭಾರ ಬಿದ್ದ ಚಕ್ರ ಸ್ಟಾಪ್‌ಗೆ ತಾಗಿದ ಕೂಡಲೇ ಆ ಮೂಲೆ ಒಮ್ಮೆಗೇ ಹಲವು ಪಟ್ಟು ಗಟ್ಟಿಯಾಗುತ್ತದೆ. ಟೈರ್ ಹಿಡಿತ ಬಿಡುತ್ತದೆ. ಇಲ್ಲಿಗೆ ಎಷ್ಟೇ ಒಳ್ಳೆಯ ಶಾಕ್ ತಂದು ಹಾಕಿದ್ದರೂ ಗುದ್ದು ಹೋಗುತ್ತಿರಲಿಲ್ಲ. ಬ್ರ್ಯಾಂಡ್ ಬಗ್ಗೆ ಎರಡು ತಿಂಗಳು ತಲೆಕೆಡಿಸಿಕೊಂಡಿದ್ದೆನಲ್ಲ, ಮೊದಲ ದಿನವೇ ಈ ಟೈ ಸುತ್ತಬೇಕಿತ್ತು.

ಈಗ ಆಯ್ಕೆಯ ದಾರಿ ತಾನಾಗಿ ತೆರೆಯಿತು. ಎತ್ತರ ವಾಪಸ್ ಬರಬೇಕು. ಅದಕ್ಕೆ ಇದೇ ಮಾದರಿಯ ಬೇರೊಂದು ಕಾರಿನಿಂದ ಬಿಚ್ಚಿದ, ಕತ್ತರಿಸದ ಮೂಲ ಸ್ಪ್ರಿಂಗ್‌ಗಳ ಸೆಟ್ ಹುಡುಕಿ ತಂದೆ. ತಗ್ಗಿಸುವ ಗಟ್ಟಿ ಸ್ಪ್ರಿಂಗ್ ಕಡೆ ಹೋಗಲಿಲ್ಲ. ನಾನು ಟ್ರ್ಯಾಕ್‌ಗೆ ಹೋಗುವವನಲ್ಲ. ತಿರುವು ಮುರುವಿನ, ಅಲ್ಲಲ್ಲಿ ಕಿತ್ತುಹೋದ ರಸ್ತೆಗಳೇ ನನ್ನವು. ಅಂಥ ಕಡೆ ಹಗುರ ಕಾರಿಗೆ ಬೇಕಾದ್ದು ಓಡಾಟದ ಜಾಗ.

ಶಾಕ್‌ನ ತಲೆಯನ್ನು ಕಾರಿನ ಮೈಗೆ ಹಿಡಿಸುವ ಮೇಲಿನ ಮೌಂಟ್‌ಗಳನ್ನೂ ಬದಲಿಸಲು ನಿರ್ಧರಿಸಿದೆ. 1998ರಲ್ಲಿ ಬಂದ ಎರಡನೇ ತಲೆಮಾರಿನ ಎಂಎಕ್ಸ್-5ರ ಟಾಪ್ ಮೌಂಟ್ ಮೊದಲ ತಲೆಮಾರಿನ ಕಾರಿಗೂ ಕೂರುತ್ತದೆ. ಅದರ ಆಕಾರದಿಂದಾಗಿ ಶಾಕ್‌ಗೆ ಇನ್ನಷ್ಟು ಓಡಾಟ ಸಿಗುತ್ತದೆ. ಈ ಕಾರಿನ ಮಾಲೀಕರ ನಡುವೆ ಹಳೇ ಗುಟ್ಟು ಇದು. ಶಾಕ್ ಬದಲಿಸುವಾಗ ಹೇಗೂ ಎಲ್ಲ ಬಿಚ್ಚಲೇಬೇಕು, ಆಗಲೇ ಮಾಡಿದರೆ ಹೆಚ್ಚಿನ ಕೂಲಿ ಇಲ್ಲ.

ಇನ್ನು ಶಾಕ್. ಕಾಯಿಲ್‌ಓವರ್ ಬಿಟ್ಟೆ. ಗೆಳೆಯನೊಬ್ಬನ ಕಾರಿನಲ್ಲಿ ಕೂತು ನೋಡಿದ್ದೆ. ನುಣುಪು ರಸ್ತೆಯಲ್ಲಿ ಅದ್ಭುತ, ಆದರೆ ಅದರ ಸ್ಪ್ರಿಂಗ್ ನನ್ನ ರಸ್ತೆಗಳಿಗೆ ಜಾಸ್ತಿ ಗಟ್ಟಿ. ಕೆವೈಬಿ ಕೊನೆಯವರೆಗೂ ಲೆಕ್ಕದಲ್ಲಿತ್ತು. ಮೂಲ ಸ್ಪ್ರಿಂಗ್‌ಗೆ ಅದು ಒಳ್ಳೆಯ ಜೋಡಿ, ಕಾರು ಹೊಸದಾಗಿದ್ದಾಗ ಹೇಗಿತ್ತೋ ಅಷ್ಟೇ ಸಾಕು ಅನ್ನುವವರಿಗೆ ನಾನು ಅದನ್ನೇ ಹೇಳುತ್ತೇನೆ.

ನಿಜವಾದ ಪೈಪೋಟಿ ಇದ್ದದ್ದು ಬಿಲ್‌ಸ್ಟೈನ್‌ಗೂ ಕೋನಿಗೂ. ಬಿಲ್‌ಸ್ಟೈನ್ ಬಿ6 ಮೋನೋಟ್ಯೂಬ್. ಅಂದರೆ ಒಂದೇ ಕೊಳವೆ. ಪಿಸ್ಟನ್ ಹೊರಗೋಡೆಗೇ ಒರಸಿ ಓಡುತ್ತದೆ. ಎಣ್ಣೆ ಒಂದು ಕಡೆ, ಜಾಸ್ತಿ ಒತ್ತಡದ ನೈಟ್ರೋಜನ್ ಇನ್ನೊಂದು ಕಡೆ, ನಡುವೆ ತೇಲುವ ಪಿಸ್ಟನ್. ಎಣ್ಣೆಗೆ ಗಾಳಿ ಬೆರೆತು ನೊರೆ ಏಳುವ ಮಾತೇ ಇಲ್ಲ. ಬಿಸಿಯೂ ಸೀದಾ ಹೊರಗೆ ಹೋಗುತ್ತದೆ. ಹಾಗಾಗಿ ಗಂಟೆಗಟ್ಟಲೆ ದುಡಿದರೂ ದಣಿಯುವುದಿಲ್ಲ. ಆದರೆ ಗ್ಯಾಸ್ ಒತ್ತಡ ರಾಡನ್ನು ಸದಾ ಹೊರಕ್ಕೆ ನೂಕುತ್ತಿರುತ್ತದೆ, ಸೀಲ್ ಕೂಡ ಬಿಗಿ. ಆದ್ದರಿಂದ ಸಣ್ಣ ಸಣ್ಣ ಒರಟು ಕೈಗೆ ಸ್ವಲ್ಪ ಜಾಸ್ತಿ ಗೊತ್ತಾಗುತ್ತದೆ. ಹೊರಗೋಡೆಗೆ ಕಲ್ಲು ಬಡಿದು ಆಳದ ನೆಗ್ಗು ಬಿದ್ದರೆ ಪಿಸ್ಟನ್ ಅಲ್ಲಿ ಸಿಕ್ಕಿಕೊಳ್ಳುವ ಅಪಾಯವೂ ಇದೆ.

ಕೋನಿ ಸ್ಪೋರ್ಟ್ ಟ್ವಿನ್ ಟ್ಯೂಬ್. ಒಳಗೊಂದು ಕೊಳವೆ, ಹೊರಗೊಂದು ಕೊಳವೆ. ಹೊರಗಿನದಕ್ಕೆ ನೆಗ್ಗು ಬಿದ್ದರೂ ಪಿಸ್ಟನ್ ಓಡುವ ದಾರಿ ಉಳಿಯುತ್ತದೆ. ಕಾರು ಹಿಂಡಿ ಓಡಿಸಿದರೆ ಮೋನೋಟ್ಯೂಬ್‌ಗಿಂತ ಬೇಗ ಬಿಸಿಯಾಗುತ್ತದೆ, ಆದರೆ ರಸ್ತೆಯಲ್ಲಿ ಆ ಹಂತ ಬರುವುದಿಲ್ಲ. ನನ್ನನ್ನು ಸೆಳೆದದ್ದು ಎರಡು ಗುಣ. ಒಂದು, ರಿಬೌಂಡ್ ಮಾತ್ರ ಹೆಚ್ಚು ಕಮ್ಮಿ ಮಾಡಬಹುದು, ಒತ್ತುವಾಗಿನ ತಡೆ ಹಾಗೇ ಇರುತ್ತದೆ. ನನಗೆ ಬೇಕಾಗಿದ್ದೂ ಅಷ್ಟೇ: ಗುಂಡಿಯನ್ನು ಮೆತ್ತಗೆ ತಗೊಳ್ಳಬೇಕು, ಆಮೇಲಿನ ತೂಗಾಟ ನಿಲ್ಲಬೇಕು. ಇನ್ನೊಂದು, ಸ್ಪ್ರಿಂಗ್ ಕೂರುವ ತಟ್ಟೆಯನ್ನು ಬೇರೆ ಬೇರೆ ಎತ್ತರದಲ್ಲಿ ಕೂರಿಸಲು ಶಾಕ್ ಮೈಮೇಲೆ ಒಂದಕ್ಕಿಂತ ಜಾಸ್ತಿ ಕಚ್ಚುಗಳಿವೆ. ಹಳೇ ಸ್ಪ್ರಿಂಗ್ ಎತ್ತರ ಕೊಂಚ ಹೆಚ್ಚು ಕಮ್ಮಿ ಬಂದರೆ ಸರಿಮಾಡಿಕೊಳ್ಳಲು ದಾರಿ ಇದೆ. ಕೋನಿ ತಗೊಂಡೆ. ಗಟ್ಟಿ ಸ್ಪ್ರಿಂಗ್ ಇದ್ದಿದ್ದರೆ ಕಣ್ಣು ಮುಚ್ಚಿಕೊಂಡು ಬಿಲ್‌ಸ್ಟೈನ್ ತಗೊಳ್ಳುತ್ತಿದ್ದೆ.

ಕೂರಿಸುವ ಕೆಲಸ ಎರಡು ದಿನ ಹಿಡಿಯಿತು. ಹಿಂದಿನ ರಾತ್ರಿಯೇ ಬೋಲ್ಟುಗಳಿಗೆ ತುಕ್ಕು ಬಿಡಿಸುವ ಎಣ್ಣೆ ಬಿಟ್ಟಿದ್ದೆ. ಈ ಕಾರಿನಲ್ಲಿ ಸ್ಪ್ರಿಂಗ್ ಶಾಕ್‌ನ ಸುತ್ತಲೇ ಕೂತಿರುತ್ತದೆ. ಬೇರೆ ಮಾಡಲು ಸ್ಪ್ರಿಂಗ್ ಕಂಪ್ರೆಸರ್ ಬೇಕು. ಇಲ್ಲಿ ಮಾತ್ರ ಅವಸರ ಬೇಡ. ಒತ್ತಿ ಹಿಡಿದ ಸ್ಪ್ರಿಂಗ್ ಜಾರಿದರೆ ಎದುರಿಗಿದ್ದವರ ಮುಖ ಮೂತಿ ನೋಡುವುದಿಲ್ಲ. ಎರಡೂ ಕೊಕ್ಕೆಗಳನ್ನು ಎದುರುಬದುರು ಹಾಕಿ, ಒಂದಿಷ್ಟು ಇದನ್ನು, ಒಂದಿಷ್ಟು ಅದನ್ನು ಬಿಗಿಮಾಡುತ್ತಾ ಹೋದೆ. ಮೇಲಿನ ನಟ್ಟು ಬಿಚ್ಚುವಾಗ ಸ್ಪ್ರಿಂಗ್ ನೇರಕ್ಕೆ ಯಾರೂ ನಿಲ್ಲಬಾರದು.

ಹಳೇ ಶಾಕ್‌ಗಳು ಹೊರಗೆ ಬಂದ ಮೇಲೆ ಒಂದೊಂದಾಗಿ ನೆಟ್ಟಗೆ ನಿಲ್ಲಿಸಿ ರಾಡ್ ಒತ್ತಿ ನೋಡಿದೆ. ಮುಂದಿನ ಎಡಗಡೆಯದು ಎರಡು ಸೆಂಟಿಮೀಟರ್ ಏನೂ ತಡೆ ಇಲ್ಲದೆ ಸುಮ್ನೆ ಇಳಿಯಿತು, ಆಮೇಲೆ ಹಿಡಿಯಿತು. ಒತ್ತಿ ಬಿಟ್ಟರೆ ರಾಡ್ ವಾಪಸ್ ಬರಲೇ ಇಲ್ಲ. ಗ್ಯಾಸ್ ಯಾವತ್ತೋ ಹೋಗಿತ್ತು. ಹಿಂದಿನ ಬಲಗಡೆಯದರ ಮೈತುಂಬ ಎಣ್ಣೆ ಒಸರಿ, ಧೂಳು ಅಂಟಿ, ಒಣಗಿದ ಕೆಸರಿನಂತೆ ಪದರ ಕಟ್ಟಿತ್ತು. ಅಂಗೈಗೆ ತಗ್ಗು ಸಿಕ್ಕಿದ್ದು ಇದೇ ಚಕ್ರದ ಟೈರ್‌ನಲ್ಲಿ. ಇನ್ನೊಂದು ಸಂಗತಿ, ನಾಲ್ಕರಲ್ಲಿ ಒಂದರ ಬಣ್ಣವೇ ಬೇರೆ. ಯಾವಾಗಲೋ ಒಂದನ್ನು ಮಾತ್ರ ಬದಲಿಸಿದ್ದರು. ಶಾಕ್ ಯಾವತ್ತೂ ಜೋಡಿಯಾಗಿ ಬದಲಿಸಬೇಕು. ಎಡಕ್ಕೊಂದು ಬಲಕ್ಕೊಂದು ಥರ ಇದ್ದರೆ ಕಾರು ಎರಡು ಕಡೆಯ ತಿರುವಿನಲ್ಲಿ ಎರಡು ಥರ ಆಡುತ್ತದೆ.

ಹೊಸ ಶಾಕ್‌ಗಳನ್ನು ಪೆಟ್ಟಿಗೆಯಿಂದ ತೆಗೆದ ಕೂಡಲೇ ಹಾಕಲಿಲ್ಲ. ಟ್ವಿನ್ ಟ್ಯೂಬ್ ಶಾಕ್ ಅಡ್ಡ ಮಲಗಿದ್ದರೆ ಗಾಳಿ ಒಳಗಿನ ಕೊಳವೆಗೆ ಸೇರಿಕೊಳ್ಳುತ್ತದೆ. ನೆಟ್ಟಗೆ ಹಿಡಿದು ನಿಧಾನಕ್ಕೆ ಪೂರ್ತಿ ಒತ್ತಿ, ಪೂರ್ತಿ ಎಳೆದೆ. ಮೊದಲೆರಡು ಸಲ ಒಳಗೆ ಗುಳುಗುಳು ಸದ್ದು, ನಡುನಡುವೆ ತಡೆ ತಪ್ಪಿದ ಹಾಗೆ. ನಾಲ್ಕನೆಯದಕ್ಕೆ ಸದ್ದು ನಿಂತಿತು. ಎಳೆಯುವಾಗ ಆರಂಭದಿಂದ ಕೊನೆವರೆಗೆ ಒಂದೇ ಸಮನೆಯ ಬಿಗಿ. ಜೇನುತುಪ್ಪದೊಳಗಿಂದ ಚಮಚ ಎಳೆದ ಹಾಗೆ. ಹಳೆಯದನ್ನು ಒತ್ತಿ ನೋಡಿದ ಕೈಗೆ ಆ ವ್ಯತ್ಯಾಸ ಎಷ್ಟು ದೊಡ್ಡದು ಅಂತ ಗೊತ್ತಾಯಿತು. ಮೇಲಿನ ನಟ್ಟು ಬಿಗಿಮಾಡುವಾಗ ರಾಡನ್ನು ಇಕ್ಕಳದಲ್ಲಿ ಹಿಡಿಯಲೇಬಾರದು. ಆ ಹೊಳೆಯುವ ಮೈಮೇಲೆ ಒಂದು ಗೀರು ಬಿದ್ದರೂ ಸಾಕು, ಅದು ಸೀಲನ್ನು ಹರಿಯುತ್ತದೆ, ಎಣ್ಣೆ ಒಸರಲು ಶುರುವಾಗುತ್ತದೆ.

ಎಷ್ಟೋ ಕಡೆ ಬಿಟ್ಟುಹೋಗುವ ಒಂದು ಹೆಜ್ಜೆ ಇದೆ. ಕೆಳಗಿನ ಬೋಲ್ಟುಗಳು ರಬ್ಬರ್ ಬುಷ್ ಮೂಲಕ ಹೋಗುತ್ತವೆ. ಚಕ್ರ ನೇತಾಡುತ್ತಿರುವಾಗಲೇ ಅವನ್ನು ಪೂರ್ತಿ ಬಿಗಿಮಾಡಿದರೆ, ಕಾರು ಇಳಿಸಿದ ಮೇಲೆ ರಬ್ಬರ್ ಸದಾ ತಿರುಚಿಕೊಂಡೇ ಇರುತ್ತದೆ. ಎತ್ತರವೂ ಸುಳ್ಳು ತೋರಿಸುತ್ತದೆ, ಬುಷ್ ಕೂಡ ಬೇಗ ಹರಿಯುತ್ತದೆ. ನಾನು ಎಲ್ಲವನ್ನೂ ಸಡಿಲವಾಗಿ ಹಾಕಿ, ಕಾರನ್ನು ಇಳಿಜಾರು ಹಲಗೆಗಳ ಮೇಲೆ ಚಕ್ರದ ಭಾರದಲ್ಲೇ ನಿಲ್ಲಿಸಿ, ನಾಲ್ಕೂ ಮೂಲೆ ಒತ್ತಿ ಕೂರಿಸಿ, ಆಮೇಲೆ ಟಾರ್ಕ್ ರೆಂಚ್ ಹಿಡಿದೆ. ಎತ್ತರ ಬದಲಾದರೆ ಚಕ್ರಗಳ ಕೋನವೂ ಬದಲಾಗುತ್ತದೆ, ಹಾಗಾಗಿ ಅಲೈನ್‌ಮೆಂಟ್ ಮಾಡಿಸಿದೆ.

ಅಳೆದು ನೋಡಿದರೆ ಮುಂದೆ 352, ಹಿಂದೆ 355. ಶಾಕ್‌ಗೂ ಬಂಪ್ ಸ್ಟಾಪ್‌ಗೂ ನಡುವೆ ಮುಂದೆ ಮೂರು ಬೆರಳು ಆರಾಮಾಗಿ ಹೋಗುತ್ತವೆ.

ಮೊದಲ ದಿನ ರಿಬೌಂಡ್ ಪೂರ್ತಿ ಮೆದುವಿನಲ್ಲೇ ಇಟ್ಟು ಓಡಿಸಿದೆ. ಗುದ್ದು ಇಲ್ಲ. ಹಿಂದೆ ನಾನು ಬ್ರೇಕ್ ಒತ್ತಿ ದಾಟುತ್ತಿದ್ದ ಒಂದು ಮುರುಕು ತಿರುವಿದೆ, ಅಲ್ಲಿ ಕಾರು ಗುಂಡಿಯನ್ನು ಒಂದು ಸಲ ನುಂಗಿ ಸುಮ್ಮನಾಯಿತು. ಆದರೆ ಎಡ ತಿರುವಿನಿಂದ ಬಲ ತಿರುವಿಗೆ ಹೊರಳುವಾಗ ಮೂಗು ಸ್ವಲ್ಪ ಸೋಮಾರಿ ಅನ್ನಿಸಿತು. ಮುಂದಿನ ಶಾಕ್‌ಗಳ ರಿಬೌಂಡ್ ಅರ್ಧ ಸುತ್ತು ಬಿಗಿಮಾಡಿದೆ. ಚುರುಕಾಯಿತು. ಆಸೆಯಿಂದ ಹಿಂದೆಯೂ ಅಷ್ಟೇ ಬಿಗಿಮಾಡಿ ನೋಡಿದೆ. ಅದೇ ಮುರುಕು ತಿರುವಿನಲ್ಲಿ ಹಿಂಬದಿ ಮತ್ತೆ ಸಣ್ಣದಾಗಿ ಜಿಗಿಯಿತು. ಚಕ್ರ ಇಳಿಯಬೇಕಾದಷ್ಟು ಬೇಗ ಕೆಳಗಿಳಿಯುತ್ತಿರಲಿಲ್ಲ. ಹಿಂದಿನದನ್ನು ಕಾಲು ಸುತ್ತಿಗೆ ತಂದೆ. ಪ್ರತಿ ಸಲ ಒಂದೇ ಕಡೆ ಬದಲಿಸುವುದು, ಅದೇ ರಸ್ತೆಯಲ್ಲಿ ಓಡಿಸುವುದು, ಎಣಿಕೆಯನ್ನು ಯಾವಾಗಲೂ ಪೂರ್ತಿ ಮೆದುವಿನಿಂದಲೇ ಶುರುಮಾಡುವುದು. ಇಲ್ಲದಿದ್ದರೆ ಎಡ ಬಲ ತಾಳೆಯಾಗುವುದಿಲ್ಲ.

ಒಂದು ವಾರ ಬಿಟ್ಟು ಕೇಬಲ್ ಟೈ ನೋಡಿದೆ. ಈ ಸಲ ನಾಲ್ಕೂ ರಾಡ್‌ಗೆ ಸುತ್ತಿದ್ದೆ. ಮುಂದಿನವು ಬಂಪ್ ಸ್ಟಾಪ್‌ಗೆ ಒಂದು ಬೆರಳು ಕೆಳಗೇ ನಿಂತಿದ್ದವು. ಹಿಂದಿನ ಬಲಗಡೆಯದು ಮಾತ್ರ ಸ್ಟಾಪ್‌ನ ತುದಿಗೆ ಮೆಲ್ಲಗೆ ತಾಗಿತ್ತು. ಯಾವ ಗುಂಡಿಯಲ್ಲಿ ಅಂತಲೂ ನನಗೆ ಗೊತ್ತು, ಆವತ್ತು ಕತ್ತಲಲ್ಲಿ ಕಾಣದೆ ಇಳಿಸಿದ್ದೆ. ಬೆನ್ನಿಗೆ ಮಾತ್ರ ಏನೂ ತಟ್ಟಿರಲಿಲ್ಲ. ಟೈಗಳನ್ನು ಮತ್ತೆ ಕೆಳಕ್ಕೆ ಇಳಿಸಿ ಬಿಟ್ಟಿದ್ದೇನೆ. ಮುಂದೆ ಅರ್ಧ, ಹಿಂದೆ ಕಾಲು ಅಂತ ಬರೆದ ಚೀಟಿ ಬಾನೆಟ್ ಒಳಗೆ ಅಂಟಿಸಿದೆ.